ಜಾರುಬಂಡೆಗೆ ಅಡ್ವಾನ್ಸ್ ಕೊಡುವ ಮೊದಲು

ದಾವಣಗೆರೆ, ಹಾಸನ, ಶಿವಮೊಗ್ಗದಂಥ ಊರುಗಳಲ್ಲೂ ಈಗ ಚಿಕ್ಕ ಮಕ್ಕಳ ಇಂಡೋರ್ ಪ್ಲೇ ಏರಿಯಾ ತೆರೆಯುವ ಉಮೇದು ಜೋರಾಗಿದೆ. ಮಳೆಗಾಲವಿದೆ, ಬಿಸಿಲಿದೆ, ಪಾರ್ಕುಗಳ ಸ್ಥಿತಿ ಎಲ್ಲರಿಗೂ ಗೊತ್ತಿದೆ, ಹಾಗಾಗಿ ಯೋಚನೆಯಲ್ಲಿ ತಪ್ಪೇನಿಲ್ಲ. ತಪ್ಪಾಗುವುದು ಕ್ರಮದಲ್ಲಿ. ಪ್ಲೇ ಸೆಟ್ ಮಾರುವವರು ವಾಟ್ಸಾಪ್‌ನಲ್ಲಿ ಬಣ್ಣಬಣ್ಣದ ತ್ರೀಡಿ ಚಿತ್ರ ಕಳಿಸುತ್ತಾರೆ, ಇವರು ಅಡ್ವಾನ್ಸ್ ಹಾಕುತ್ತಾರೆ, ಆಮೇಲೆ ಮಳಿಗೆ ಹುಡುಕಲು ಹೊರಡುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರೆ ಇದೇ.

ಮೊದಲು ತೀರ್ಮಾನವಾಗಬೇಕಾದ್ದು ಒಂದು ಸಂಖ್ಯೆ: ಒಂದು ಹೊತ್ತಿಗೆ ಒಳಗೆ ಎಷ್ಟು ಮಕ್ಕಳು? 1,200 ಚದರ ಅಡಿಯ ಮಳಿಗೆ ಅಂದುಕೊಳ್ಳಿ. ಕೌಂಟರ್, ಚಪ್ಪಲಿ ಸ್ಟ್ಯಾಂಡ್, ಅಪ್ಪ-ಅಮ್ಮಂದಿರು ಕೂರುವ ಜಾಗ, ಟಾಯ್ಲೆಟ್, ಡೈಪರ್ ಬದಲಿಸುವ ಮೇಜು, ಸಾಮಾನಿನ ಗೂಡು ಇಷ್ಟಕ್ಕೇ 500 ಚದರ ಅಡಿ ಹೋಗುತ್ತದೆ. ಉಳಿದ 700 ಅಂದರೆ ಸುಮಾರು 65 ಚದರ ಮೀಟರ್. ಮಗುವಿಗೆ 3 ಚದರ ಮೀಟರ್ ಹಿಡಿದರೆ 20 ಮಕ್ಕಳು, ತಪ್ಪಿದರೆ 21.

ಈಗ ದುಡ್ಡಿನ ಲೆಕ್ಕ. ಬಾಡಿಗೆ 45,000, ಮೂವರು ಕೆಲಸದವರಿಗೆ 42,000, ಕರೆಂಟು 12,000, ಕ್ಲೀನಿಂಗು ರಿಪೇರಿ ಸಣ್ಣಪುಟ್ಟದ್ದು 19,000, 8 ಲಕ್ಷದ ಸೆಟ್ಟನ್ನು ಮೂರು ವರ್ಷದಲ್ಲಿ ತೀರಿಸಲು 22,000. ಒಟ್ಟು ತಿಂಗಳಿಗೆ 1,40,000. ಗಂಟೆಗೆ 200 ರೂಪಾಯಿಯಂತೆ 700 ಟಿಕೆಟ್ ಹರಿಯಬೇಕು. ಸೋಮವಾರ ರಜೆ, ಉಳಿದ ವಾರದ ದಿನಗಳಲ್ಲಿ ದಿನಕ್ಕೆ 12 ಮಕ್ಕಳು ಬಂದರೂ 18 ದಿನಕ್ಕೆ 216. ಮಿಕ್ಕ 484 ಮಕ್ಕಳು ಎಂಟು ಶನಿವಾರ-ಭಾನುವಾರಗಳಲ್ಲೇ ಬರಬೇಕು, ದಿನಕ್ಕೆ 60. ಜನ ಮನೆ ಬಿಟ್ಟು ಹೊರಡುವುದು ಸಂಜೆ 5ರಿಂದ 8. ಅಂದರೆ 20ರ ಮೂರು ಬ್ಯಾಚೂ ಪೂರ್ತಿ ತುಂಬಿದರೆ ಖರ್ಚಿಗೆ ಸರಿ, ಲಾಭ ಇನ್ನೂ ಬಂದಿಲ್ಲ. ನಿಮ್ಮೂರಿನ ಬಾಡಿಗೆ, ಸಂಬಳ ಹಾಕಿ ನೀವೇ ಒಮ್ಮೆ ಗುಣಿಸಿ ನೋಡಿ. ಭಾನುವಾರ ಸಂಜೆ 35 ಮಕ್ಕಳನ್ನು ಒಳಗೆ ಬಿಡುವ ಆಸೆ ಹುಟ್ಟುವುದು ಈ ಲೆಕ್ಕದಿಂದಲೇ. ಹಲ್ಲು ಮುರಿಯುವುದು, ಹಣೆ ಒಡೆಯುವುದು ಬಹುಪಾಲು ಈ 35ರ ಹೊತ್ತಿನಲ್ಲಿ. ಬರ್ತ್‌ಡೇ ಪಾರ್ಟಿ, ವಾರದ ದಿನ ಬೆಳಗಿನ ಪ್ಲೇ-ಸ್ಕೂಲ್ ಬ್ಯಾಚು, ತಿಂಗಳ ಪಾಸು, ಇವುಗಳಲ್ಲಿ ಒಂದೂ ನಡೆಯುವಂತಿಲ್ಲದಿದ್ದರೆ ಆ ಬಾಡಿಗೆಯ ಮಳಿಗೆ ಬಿಟ್ಟುಬಿಡುವುದೇ ಮೇಲು.

ವಯಸ್ಸಿನ ಗೆರೆಯನ್ನೂ ಆಗಲೇ ಎಳೆಯಿರಿ. ಸಣ್ಣ ಜಾಗಕ್ಕೆ 7 ವರ್ಷ ಸಾಕು. ಹುಟ್ಟಿದ ತಾರೀಖು ಕೇಳುತ್ತಾ ಕೂತರೆ ಜಗಳ, ಗೋಡೆಯ ಮೇಲೆ 120 ಸೆಂ.ಮೀ.ಗೆ ಒಂದು ಜಿರಾಫೆ ಬಿಡಿಸಿಬಿಡಿ. ಮೂರರ ಕೆಳಗಿನವರಿಗೆ ಅರ್ಧ ಗೇಟು ಹಾಕಿದ ಬೇರೆ ಮೂಲೆ ಬೇಕೇ ಬೇಕು. ಓಡಿಬರುವ ಆರು ವರ್ಷದವನಿಗೆ ನೆಲದಲ್ಲಿ ಅಂಬೆಗಾಲಿಡುವ ಕೂಸು ಕಾಣುವುದಿಲ್ಲ. ಟ್ರ್ಯಾಂಪೊಲಿನ್ ಬೇಡವೇ ಬೇಡ. ಆರರ ಒಳಗಿನವರಿಗೆ ಅದು ಸಲ್ಲದು ಎಂದು ಮಕ್ಕಳ ಡಾಕ್ಟರುಗಳು ಹೇಳುತ್ತಲೇ ಇದ್ದಾರೆ. ಇಬ್ಬರು ಒಟ್ಟಿಗೆ ಹಾರಿದಾಗ ಮೂಳೆ ಮುರಿಯುವುದು ಹಗುರ ಇರುವ ಮಗುವಿನದು.

ಮಳಿಗೆ ನೋಡಲು ಹೋದಾಗ ಟೇಪು ಹಿಡಿದು ಮೇಲೆ ನೋಡಿ. ಸ್ಲ್ಯಾಬು 10 ಅಡಿ, ಸೀಲಿಂಗ್ ಫ್ಯಾನಿನ ರೆಕ್ಕೆ ಸುಮಾರು 9 ಅಡಿಗೆ. ಪ್ಲೇ ಸೆಟ್ಟಿನ ಅಟ್ಟ 4 ಅಡಿ, ಅದರ ಮೇಲೆ ನಿಂತ ಏಳು ವರ್ಷದ ಮಗು ಸುಮಾರು ನಾಲ್ಕು, ಕೈ ಎತ್ತಿದರೆ ಇನ್ನೊಂದು. ಬೆರಳು ರೆಕ್ಕೆಗೆ ತಾಗಿತು. ತ್ರೀಡಿ ಚಿತ್ರದಲ್ಲಿ ಫ್ಯಾನು ಇರುವುದಿಲ್ಲವಲ್ಲ! ಆಟದ ಭಾಗದ ಮೇಲಿನ ಫ್ಯಾನುಗಳನ್ನೆಲ್ಲ ಬಿಚ್ಚಿ, ಜಾಲರಿ ಇರುವ ಗೋಡೆ ಫ್ಯಾನು, ಎರಡು ಎಕ್ಸಾಸ್ಟ್ ಹಾಕಿಸಿ. ಪ್ಲಗ್ಗುಗಳು 5 ಅಡಿಗಿಂತ ಮೇಲಿರಲಿ, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು) ಇರಲಿ. ಕೈ ತೊಳೆಯುವ ಬೇಸಿನ್ ಒಂದಾದರೂ ಒಂದೂವರೆ ಅಡಿಗೆ ಇಳಿಯಲಿ.

ನೆಲದ ವಿಷಯದಲ್ಲಿ ಮೋಸ ಹೋಗುವವರು ಜಾಸ್ತಿ. ಒಂದಕ್ಕೊಂದು ಸಿಕ್ಕಿಸುವ 10-12 ಮಿ.ಮೀ. ಇವಿಎ ಫೋಮಿನ ಮ್ಯಾಟು ಕಾಲಿಗೆ ಹಿತ ಅಷ್ಟೇ, ತಲೆಯನ್ನು ಕಾಯುವುದಿಲ್ಲ. ಎಷ್ಟು ಎತ್ತರದಿಂದ ಬಿದ್ದರೆ ಈ ಮ್ಯಾಟು ತಡೆಯುತ್ತದೆ ಎಂಬುದಕ್ಕೆ ಇಎನ್ 1177 ಎಂಬ ಯುರೋಪಿನ ಮಾನದಂಡದ ಪ್ರಕಾರದ ಟೆಸ್ಟ್ ರಿಪೋರ್ಟ್ ಕೇಳಿ. ಅಟ್ಟ 4 ಅಡಿಯಿದ್ದರೆ ರಿಪೋರ್ಟಿನ ಎತ್ತರ ಅದಕ್ಕಿಂತ ಹೆಚ್ಚಿರಬೇಕು. ಮಲೆನಾಡು, ಕರಾವಳಿಯವರಿಗೆ ಇನ್ನೊಂದು ತೊಂದರೆ ಇದೆ. ಜೂನ್‌ನಲ್ಲಿ ಟೈಲ್ಸು ಬೆವರುತ್ತದೆ, ಮ್ಯಾಟಿನ ಅಡಿಗೆ ಬೂಷ್ಟು ಹಿಡಿಯುತ್ತದೆ. ಅಂಟು ಹಾಕಿ ಕೂರಿಸಬೇಡಿ, ವಾರಕ್ಕೊಮ್ಮೆ ಎತ್ತಿ ಗಾಳಿಗೆ ನಿಲ್ಲಿಸಿ.

ಬಾಲ್ ಪೂಲ್. ಉದ್ದ 2.5 ಮೀಟರ್, ಅಗಲ 2, ಆಳ 40 ಸೆಂ.ಮೀ. ಅಂದರೆ 2 ಘನ ಮೀಟರ್. 7 ಸೆಂ.ಮೀ. ಚೆಂಡು ಒಂದು ಘನ ಮೀಟರಿಗೆ ಸುಮಾರು 3,300 ಹಿಡಿಯುತ್ತದೆ, ಒಟ್ಟು 6,600 ಬೇಕು. ಕೊಟೇಶನ್‌ನಲ್ಲಿ ಇರುವುದು 2,000! ಚೆಂಡುಗಳು ಪಕ್ಕಕ್ಕೆ ಸರಿದು ನೆಲ ಕಾಣುತ್ತದೆ, ಹಾರಿದ ಮಗುವಿನ ಮೊಣಕಾಲು ನೇರ ನೆಲಕ್ಕೆ. ಪೂರ್ತಿ ತುಂಬಿಸಲು ಆಗದಿದ್ದರೆ ಪೂಲನ್ನೇ ಚಿಕ್ಕದು ಮಾಡಿ. ಜಾರುಬಂಡೆ ಬಂದು ಪೂಲಿಗೆ ಬೀಳುವ ಹಾಗೆ ಎಲ್ಲರೂ ಡಿಸೈನ್ ಕೊಡುತ್ತಾರೆ, ಫೋಟೋಗೆ ಚಂದ. ಚೆಂಡಿನೊಳಗೆ ಹುದುಗಿ ಮಲಗಿದ ಮಗು ಮೇಲಿನಿಂದ ಕಾಣುವುದಿಲ್ಲ, ಮುಂದಿನದು ಅದರ ಎದೆಯ ಮೇಲೇ ಬಂದಿಳಿಯುತ್ತದೆ. ಜಾರುಬಂಡೆಯ ಮುಂದೆ ಎರಡು ಮೀಟರ್ ಖಾಲಿ ಮ್ಯಾಟು ಇರಲಿ, ಪೂಲು ಇನ್ನೊಂದು ಗೋಡೆಗೆ ಹೋಗಲಿ. ವಾರಕ್ಕೊಮ್ಮೆ ಚೆಂಡು ಪೂರ್ತಿ ತೆಗೆದಾಗ ತಳದಲ್ಲಿ ಏನಿರುತ್ತದೆ ಎಂದು ಮಾಲೀಕರೇ ನೋಡಬೇಕು: ಹೇರ್‌ಕ್ಲಿಪ್ಪು, ಕಿವಿಯೋಲೆಯ ತಿರುಪು, ಅರ್ಧ ಬಿಸ್ಕತ್ತು, ಒದ್ದೆ ಸಾಕ್ಸು, ಒಮ್ಮೊಮ್ಮೆ ಡೈಪರು. ಒಡೆದ ಚೆಂಡಿನ ಅಂಚು ಚರ್ಮ ಗೀರುತ್ತದೆ, ಆರಿಸಿ ಎಸೆಯಿರಿ.

ಸೆಟ್ಟಿನ ಅಸ್ಥಿಪಂಜರ ಜಿಐ ಪೈಪು, ಅದರ ಮೇಲೆ ಫೋಮಿನ ಕೊಳವೆ, ರೆಕ್ಸಿನ್, ಸುತ್ತ ಬಲೆ. ಪೈಪುಗಳನ್ನು ಹಿಡಿದಿರುವ ಕ್ಲ್ಯಾಂಪಿನ ಸ್ಕ್ರೂಗಳು ಕುಣಿತಕ್ಕೆ ಸಡಿಲವಾಗುತ್ತವೆ, ತಿಂಗಳಿಗೊಮ್ಮೆ ಅಲೆನ್ ಕೀ ಹಿಡಿದು ಒಂದೊಂದನ್ನೂ ಬಿಗಿ ಮಾಡಬೇಕು. ಬಲೆ ಕಟ್ಟಿದ ಪ್ಲಾಸ್ಟಿಕ್ ಟೈನ ತುದಿಯನ್ನು ಓರೆಯಾಗಿ ಕತ್ತರಿಸಿದ್ದರೆ ಅದು ಬ್ಲೇಡೇ. ತುದಿ ಹೊರಮುಖವಾಗಿರಲಿ, ಬುಡಕ್ಕೆ ಸಮವಾಗಿ ಕತ್ತರಿಸಿರಲಿ, ಅಂಗೈ ಸವರಿ ನೋಡಿ. ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವ ಸಂದು ಎಲ್ಲಿಯೂ ಇರಬಾರದು. 9 ಸೆಂ.ಮೀ.ಗಿಂತ ಕಿರಿದು, ಇಲ್ಲವೇ 23 ಸೆಂ.ಮೀ.ಗಿಂತ ಅಗಲ, ನಡುವಿನದೆಲ್ಲ ಅಪಾಯ. ಜಾರುಬಂಡೆ ಹತ್ತುವ ಮೊದಲು ಶಾಲು, ಕೊರಳ ದಾರ, ಟೋಪಿಯ ಲಾಡಿ ತೆಗೆಸಲೇಬೇಕು.

ಕಡಲೆ, ಹೆಸರುಕಾಳು, ಥರ್ಮಾಕೋಲ್ ಗುಂಡು ತುಂಬಿದ ತಟ್ಟೆಗಳನ್ನು ಸೆನ್ಸರಿ ಪ್ಲೇ (ಮುಟ್ಟಿ ತಡವಿ ಕಲಿಯುವ ಆಟ) ಅಂತ ಇಡುವವರಿದ್ದಾರೆ. ಮೂಗಿಗೆ ಹೋದ ಕಡಲೆ ಅಲ್ಲೇ ನೆನೆದು ಉಬ್ಬುತ್ತದೆ, ತೆಗೆಯಲು ಇಎನ್‌ಟಿ ಡಾಕ್ಟರೇ ಬೇಕು. ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಅದು ಕಡ್ಡಾಯ.

ಫಿನಾಯಿಲ್ ವಾಸನೆ ಬಂದರೆ ಕ್ಲೀನಾಯಿತು ಎಂಬ ನಂಬಿಕೆ ಬಿಡಿ. ಮೊದಲು ಸೋಪು ನೀರಲ್ಲಿ ಒರೆಸಿ. ಆಮೇಲೆ 5 ಪರ್ಸೆಂಟ್ ಸೋಡಿಯಂ ಹೈಪೋಕ್ಲೋರೈಟನ್ನು ಲೀಟರು ನೀರಿಗೆ 10 ಮಿ.ಲೀ. ಬೆರೆಸಿ ಒರೆಸಿ, ಹತ್ತು ನಿಮಿಷ ಬಿಡಿ, ಕೊನೆಗೆ ಬರೀ ನೀರಲ್ಲಿ ಒರೆಸಿ. ವಾಂತಿಯಾದ ಜಾಗಕ್ಕೆ ಲೀಟರಿಗೆ 20 ಮಿ.ಲೀ. ದಿನಾ ಹೊಸದಾಗಿ ಬೆರೆಸಿ. ಟಾಯ್ಲೆಟ್ ಆ್ಯಸಿಡ್ ಜೊತೆ ಮಾತ್ರ ಅಪ್ಪಿತಪ್ಪಿಯೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸು ಏಳುತ್ತದೆ. ಕೈ-ಕಾಲು-ಬಾಯಿ ಗುಳ್ಳೆ ರೋಗದ ವೈರಸ್‌ಗೆ ಸ್ಯಾನಿಟೈಜರ್ ಅಷ್ಟಾಗಿ ಜಗ್ಗುವುದಿಲ್ಲ, ಸೋಪಲ್ಲಿ ಕೈ ತೊಳೆಸುವುದೇ ದಾರಿ.

ಬೆಂಕಿಯ ಮಾತು. 2024ರ ಮೇ 25ರಂದು ರಾಜ್‌ಕೋಟ್‌ನ ಗೇಮ್ ಜೋನ್‌ನಲ್ಲಿ ಮಕ್ಕಳೂ ಸೇರಿ 25ಕ್ಕೂ ಹೆಚ್ಚು ಜನ ಸತ್ತರು. ಒಳಗೆ ಜನರಿರುವಾಗಲೇ ವೆಲ್ಡಿಂಗ್ ನಡೆದಿತ್ತು. ನಿಮ್ಮ ಮಳಿಗೆಯಲ್ಲೂ ಇರುವುದು ಫೋಮು, ರೆಕ್ಸಿನ್, ಬಲೆ, ಪ್ಲಾಸ್ಟಿಕ್. ಉರಿಗಿಂತ ಮೊದಲು ಹೊಗೆಯೇ ಕೊಲ್ಲುತ್ತದೆ. ಬೇಸ್‌ಮೆಂಟ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಎರಡನೇ ಬಾಗಿಲು ಹೊರಕ್ಕೆ ತೆರೆಯಬೇಕು, ಅದರ ಮುಂದೆ ಕಾರ್ಟನ್ನು ಪೇರಿಸಬಾರದು. ಬೆಂಕಿ ಆರಿಸುವ 6 ಕೆ.ಜಿ.ಯ ಎಬಿಸಿ ಸಿಲಿಂಡರ್ ಎರಡು ಇರಲಿ. ಫೋಮು ಒಳಗೆ ಬಂದ ಮೇಲೆ ವೆಲ್ಡಿಂಗ್ ಮುಗಿದ ಮಾತು, ಪೈಪು ಹೊರಗೆ ಒಯ್ದು ಬೆಸೆಯಲಿ. ಪಾರ್ಟಿಗಳಲ್ಲಿ ಸ್ನೋ ಸ್ಪ್ರೇ ಬೇಡ. ಡಬ್ಬಿಯಲ್ಲಿ ತಳ್ಳುವ ಗ್ಯಾಸೇ ಉರಿಯುವಂಥದ್ದು, ಕೇಕಿನ ಮೇಣದಬತ್ತಿ ಪಕ್ಕದಲ್ಲೇ ಇರುತ್ತದೆ. ಅಗ್ಗದ ಗ್ಯಾಸ್ ಬಲೂನಿನಲ್ಲಿ ಹೀಲಿಯಂ ಬದಲು ಹೈಡ್ರೋಜನ್ ಇರುವುದುಂಟು, ಅದೂ ಬೇಡ. ಅಜ್ಜ-ಅಜ್ಜಿಗೆ ಬೇಜಾರಾಗಬಹುದು, ಆಗಲಿ.

ಇಷ್ಟೆಲ್ಲ ಆದಮೇಲೆ ಕೊಟೇಶನ್ ತರಿಸಿ. ಪೈಪಿನ ದಪ್ಪ, ಫೋಮಿನ ಡೆನ್ಸಿಟಿ, ಚೆಂಡಿನ ಅಳತೆ ಮತ್ತು ಸಂಖ್ಯೆ ಬರವಣಿಗೆಯಲ್ಲಿರಲಿ. ಅದೇ ಬಣ್ಣದ ರೆಕ್ಸಿನ್ ಮೂರು ಮೀಟರು, ಬಲೆಯ ತುಂಡು, ಒಂದು ಹಿಡಿ ಕ್ಲ್ಯಾಂಪಿನ ಸ್ಕ್ರೂ ಹೆಚ್ಚುವರಿಯಾಗಿ ಬರೆಸಿಕೊಳ್ಳಿ. ಮೊದಲು ಹರಿಯುವುದು ಜಾರುಬಂಡೆಗೆ ಹತ್ತುವ ಮೆಟ್ಟಿಲಿನ ಮೂಲೆ, ಅಷ್ಟರಲ್ಲಿ ಆ ಹಳದಿ ಬಣ್ಣ ಮಾರುಕಟ್ಟೆಯಲ್ಲಿ ಸಿಗುತ್ತಿರುವುದಿಲ್ಲ.