ಏನಾಗಂಗಿಲ್ಲ ತಗೋರಿ

ಇವತ್ತು ಬೆಳಿಗ್ಗೆ ರಿಪೇರಿ ಅಂಗಡಿಯವನು ಸುಟ್ಟ ಬೋರ್ಡೊಂದನ್ನು ನನ್ನ ಅಂಗೈ ಮೇಲೆ ಇಟ್ಟ. ಅಸ್ಥಿ ಒಪ್ಪಿಸುವವರ ಹಾಗೆ, ಎರಡೂ ಕೈಯಿಂದ. "ಹೋಗ್ಬಿಟ್ಟೈತೆ ಸಾರ್. ಹೊಸ ಚಾರ್ಜರ್ರೇ ತಗೋಬೇಕು." ಮೂಸಿ ನೋಡಿದೆ. ಶನಿವಾರ ರಾತ್ರಿಯ ಅದೇ ವಾಸನೆ.

ನನ್ನ ಭಾಮೈದ ಒಂದು ಹಳೇ ಟೆಂಪೋ ಟ್ರಾವೆಲರ್ ಕೊಂಡು ಅದರೊಳಗೆ ಮನೆ ಮಾಡಿಸಿದ್ದಾನೆ. ಅವನು ಅದನ್ನು ಕ್ಯಾರವಾನ್ ಅನ್ನುತ್ತಾನೆ. ಬಳ್ಳಾರಿಯ ನಮ್ಮ ಓಣಿಯವರು ಮದುವೆ ಗಾಡಿ ಅನ್ನುತ್ತಾರೆ. ಎರಡು ಮಂಚ, ಪುಟ್ಟ ಫ್ರಿಜ್ಜು, ಇಂಡಕ್ಷನ್ ಒಲೆ, ಸೀಟಿನ ಕೆಳಗೆ 12 ವೋಲ್ಟಿನ ಬ್ಯಾಟರಿ, ಅದಕ್ಕೊಂದು ಚಾರ್ಜರ್ರು. "ಎಲ್ಲಿ ಬೇಕಾದ್ರೂ ನಿಲ್ಸಿ ವೈರ್ ಚುಚ್ಚಿದ್ರೆ ಆಯ್ತು ಮಾಮಾ, ಮನೆ ರೆಡಿ" ಅಂದಿದ್ದ. ಯುರೋಪಿನ ಕಡೆ ಇಂಥ ಗಾಡಿಗಳಿಗೆ ಅಂತಲೇ ಕಂಬ ನೆಟ್ಟು, ದುಂಡನೆಯ ನೀಲಿ ಸಾಕೆಟ್ಟು ಇಟ್ಟಿರುತ್ತಾರೆ. ನಾವು ಹೋಗಿದ್ದು ಸಾಣಾಪುರ ಕೆರೆ ಹತ್ತಿರದ ಒಂದು ತೋಟಕ್ಕೆ. ಅಲ್ಲಿ ಪಂಪ್‌ಸೆಟ್ ಮನೆ ಗೋಡೆಗೆ ಒಂದೇ ಮೊಳೆಯಲ್ಲಿ ನೇತಾಡುತ್ತಿದ್ದ ಬೋರ್ಡು ನಮ್ಮ ಪಾಲಿಗೆ ಬಂತು.

ತೋಟದ ಗೌಡ್ರು ಬಹಳ ಒಳ್ಳೆಯವರು. ಬಾಯಲ್ಲಿ ಮಾತ್ರ ಒಂದೇ ಮಾತು.

"ಗೌಡ್ರೇ, ಸಾಕೆಟ್ಟು ಬಿಸಿ ಆಗ್ತಿದೆ."

"ಏನಾಗಂಗಿಲ್ಲ ತಗೋರಿ."

"ಇಲ್ಲಿ ವೋಲ್ಟೇಜು ಎಷ್ಟಿರುತ್ತೆ?"

"ಫುಲ್ ಇರ್ತೈತ್ರಿ. ಏನಾಗಂಗಿಲ್ಲ."

"ಅರ್ಥಿಂಗ್ ಇದೆಯಾ?"

ಇದಕ್ಕೆ ಮಾತ್ರ ಅವರು ಎದ್ದು ಬಂದು ತೋರಿಸಿದರು. ಗೋಡೆಯಿಂದ ಒಂದು ದಪ್ಪ ತಂತಿ ಹೊರಟಿತ್ತು. ಅದು ನೆಲಕ್ಕೆ ಇಳಿಯಬೇಕಿತ್ತು, ಅಲ್ವಾ? ಇಳಿದಿರಲಿಲ್ಲ. ನೆಟ್ಟಗೆ ಹೋಗಿ ಬೇವಿನ ಮರಕ್ಕೆ ಸುತ್ತಿಕೊಂಡಿತ್ತು. ಅದರ ಮೇಲೆ ಎರಡು ಟವೆಲ್ಲು, ಒಂದು ಪಟಾಪಟಿ ಚಡ್ಡಿ ಒಣಗುತ್ತಿದ್ದವು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಬೇಕು ಅನ್ನೋದು ಗೊತ್ತಿತ್ತು. ಗುಂಡಿಯೇ ಇಲ್ಲದಿದ್ದರೆ ಎಲ್ಲಿಗೆ ಹಾಕುವುದು, ಚಡ್ಡಿಗೆ? ಸಾಕೆಟ್ಟಿನ ಮೂರನೇ ತೂತು ಬರೀ ಚೆಂದಕ್ಕೆ ಅಂತಾಯಿತು.

ಭಾಮೈದ ಹೆದರಲಿಲ್ಲ. ಅವನ ಹತ್ತಿರ ಸ್ಪೈಕ್ ಗಾರ್ಡ್ ಇತ್ತು. ಕೆಂಪು ದೀಪ ಉರಿಯುವ ಸ್ಪೈಕ್ ಗಾರ್ಡ್ ಅಂದರೆ ಅವನಿಗೆ ಮನೆ ಬಾಗಿಲಿಗೆ ಕಟ್ಟಿದ ಬೂದುಗುಂಬಳಕಾಯಿ ಇದ್ದ ಹಾಗೆ. ಚುಚ್ಚಿದ. ದೀಪ ಉರಿಯಿತು. ಮಂಡಕ್ಕಿ ಒಗ್ಗರಣೆ ತಿಂದೆವು.

ರಾತ್ರಿ ಎಂಟರ ಸುಮಾರಿಗೆ ಗಾಳಿ ಎದ್ದಿತು. ದೂರದ ಕಂಬದ ತುದಿಯಲ್ಲಿ ಒಂದು ಕಿಡಿ. ಗೌಡ್ರ ಪಡಸಾಲೆಯಲ್ಲಿ ಬುಟ್ಟಿಯೊಳಗಿನ ಕೋಳಿಮರಿಗಳ ಕಾವಿಗೆ ಅಂತ ಒಂದು 100 ವಾಟಿನ ಗುಂಡು ಬಲ್ಬು ಇಳಿಬಿಟ್ಟಿದ್ದರು. ಅಲ್ಲಿವರೆಗೆ ತೂಕಡಿಸುತ್ತಿದ್ದ ಆ ಬಲ್ಬು ಒಮ್ಮೆಲೇ ಹಾಲಿನಂತೆ ಬೆಳ್ಳಗಾಯಿತು. ಫ್ಯಾನು ಗುಂಯ್ ಅಂತ ರೇಗಿತು. ಮರಿಗಳೆಲ್ಲ ಎದ್ದು ಚಿಂವ್‌ಗುಟ್ಟಿದವು. ಅಂಗಳದ ಹುಂಜಕ್ಕೆ ಏನು ಅನಿಸಿತೋ, ಕತ್ತು ಚಾಚಿ ಜೋರಾಗಿ ಕೂಗಿಯೇಬಿಟ್ಟಿತು. ಎಂಟು ಗಂಟೆಗೇ ಬೆಳಗಾಯಿತು! ಗೌಡ್ರು ಸೊಂಟದ ಮೇಲೆ ಕೈ ಇಟ್ಟುಕೊಂಡು ಬಲ್ಬನ್ನೇ ನೋಡುತ್ತಾ, ಮಗಳ ಮದುವೆ ಚಪ್ಪರ ನೋಡುವವರ ಖುಷಿಯಲ್ಲಿ ಹೇಳಿದರು: "ನೋಡ್ರಿ, ಇವತ್ತ ಕರೆಂಟ್ ಎಷ್ಟ್ ಚೆಂದ ಬಂದೈತಿ!"

ಫಟ್.

"ಹಳೇ ಬಲ್ಬ್ರೀ ಅದು. ಏನಾಗಂಗಿಲ್ಲ."

ಅಷ್ಟರಲ್ಲಿ ಗಾಡಿಯೊಳಗಿಂದ ಟಪ್ ಅಂತ ಒಂದು ಸದ್ದು. ಆಮೇಲೆ ಸೀಟಿನ ಕೆಳಗಿಂದ ಊದಿನಕಡ್ಡಿಯಷ್ಟು ಹೊಗೆ. ಭಾಮೈದ ಓಡಿ ಹೋಗಿ ವೈರು ಕಿತ್ತ. ಬ್ಯಾಟರಿ ಚಾರ್ಜರ್ರು, ಇಂಡಕ್ಷನ್ ಒಲೆ, ನನ್ನ ಮೊಬೈಲ್ ಚಾರ್ಜರ್ರು, ಮೂರೂ ಖಲಾಸ್. ಕುಂಬಳಕಾಯಿಯೂ ಕಪ್ಪಗಾಗಿತ್ತು.

ರಿಪೇರಿಯವನು ಇವತ್ತು ಬಿಡಿಸಿ ಹೇಳಿದ. ಕಂಬದ ಮೇಲೆ ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ಸು ಹೋಗುವ ತಂತಿ, ಕಿತ್ತುಹೋಗಿದೆ. ಅದು ಕೂಡುಕುಟುಂಬದ ಹಿರಿಯನಿದ್ದ ಹಾಗೆ. ಇರುವವರೆಗೆ ಎಲ್ಲ ಮನೆಗೂ ಸಮನಾಗಿ 230. ಕೈಬಿಟ್ಟರೆ ಎರಡು ಫೇಸಿನ, ಅಂದರೆ ಕರೆಂಟು ತರುವ ಎರಡು ತಂತಿಗಳ, ನಡುವಿನ 400 ವೋಲ್ಟನ್ನು ಮನೆಗಳೇ ಕಿತ್ತಾಡಿ ಹಂಚಿಕೊಳ್ಳುತ್ತವೆ. ಒಬ್ಬನಿಗೆ 100, ಪಕ್ಕದವನಿಗೆ 300. "ಸ್ಪೈಕ್ ಗಾರ್ಡ್ ಇತ್ತಲ್ಲಪ್ಪಾ?" ಅಂದೆ. ಅವನು ನಕ್ಕ. "ಅದು ಕಣ್ಣು ಮಿಟುಕಿಸೋದ್ರೊಳಗೆ ಬಂದು ಹೋಗೋ ಏಟಿಗೆ ಸಾರ್. ಛತ್ರಿ ಇದ್ದಂಗೆ. ಕಾಲುವೆ ಒಡೆದು ಬಂದ್ರೆ ಛತ್ರಿ ಏನ್ಮಾಡುತ್ತೆ?" ನಮಗೆ ಬೇಕಿದ್ದದ್ದು ವೋಲ್ಟೇಜು ಹದ್ದು ಮೀರಿದರೆ ಕರೆಂಟನ್ನೇ ಕಡಿದುಹಾಕುವ ಡಬ್ಬಿಯಂತೆ. ಇನ್ನೊಂದು ವೋಲ್ಟೇಜು ತೋರಿಸುವ ಮೀಟರು. ಚುಚ್ಚುವ ಮೊದಲು ನೋಡಲು, ಚುಚ್ಚಿದ ಮೇಲೆ ಅಲ್ಲ.

ಮೀಟರು ಅಂದಾಗ ಅಪ್ಪ ನೆನಪಾದರು. ನಮ್ಮ ಮನೆ ಟಿವಿ ಪಕ್ಕ ಒಂದು ಸ್ಟೆಬಿಲೈಸರ್ ಇತ್ತು. ಅಮ್ಮ ಅದಕ್ಕೂ ಕ್ರೋಶಾದ ಬಟ್ಟೆ ಹೊದಿಸಿದ್ದಳು. ಮುಳ್ಳು 200 ದಾಟಿ ನಿಲ್ಲುವವರೆಗೆ ಅಪ್ಪ ಟಿವಿ ಹಚ್ಚಲು ಬಿಡುತ್ತಿರಲಿಲ್ಲ. ಅರ್ಧ ಸಿನಿಮಾ ಮುಗಿದಿರುತ್ತಿತ್ತು, ಅಪ್ಪ ಇನ್ನೂ ಬಗ್ಗಿ ಮುಳ್ಳನ್ನೇ ನೋಡುತ್ತಿದ್ದರು. ಎಷ್ಟು ಬೈದುಕೊಂಡಿದ್ದೇವೋ. ಆ ಟಿವಿಗೆ ಕೊನೆಯವರೆಗೂ ಏನೂ ಆಗಲಿಲ್ಲ. ಸ್ಟೆಬಿಲೈಸರ್ ಅಟ್ಟದ ಮೇಲಿದೆ. ಬಟ್ಟೆ ಸಮೇತ.

ಕರೆಂಟು ಇಲ್ಲೇ ಪಕ್ಕದಲ್ಲಿ ತಯಾರಾಗುತ್ತದೆ ನೋಡಿ. ಈ ಕಡೆ ಕುಡಿತಿನಿ, ಆ ಕಡೆ ಶಕ್ತಿನಗರ, ನಡುವೆ ಮುನಿರಾಬಾದಿನ ಪವರ್‌ಹೌಸು. ಹಾಲಿನ ಡೇರಿ ಪಕ್ಕ ಮನೆ ಮಾಡಿ ಒಡೆದ ಹಾಲು ಕುಡಿದ ಹಾಗೆ ನಮ್ಮ ಪಾಡು.

ಆ ರಾತ್ರಿ ತೋಟವೆಲ್ಲ ಕತ್ತಲು. ನಮ್ಮ ಗಾಡಿಯ ಬ್ಯಾಟರಿ ದೀಪಗಳು ಮಾತ್ರ ಏನೂ ಗೊತ್ತಿಲ್ಲದವರ ಹಾಗೆ ಉರಿಯುತ್ತಿದ್ದವು. ಗೌಡ್ರ ಮನೆಯವರು ರೊಟ್ಟಿ, ಪುಂಡಿಪಲ್ಯ ಹಿಡಿದು ಅಲ್ಲಿಗೇ ಬಂದರು. ಕೋಳಿಮರಿಗಳ ಬುಟ್ಟಿಯೂ ಬಂತು. ಎಲ್ಲರೂ ಮಂಚದ ಮೇಲೆ ಒತ್ತಿಕೊಂಡು ಕೂತು ಉಂಡೆವು. ಸಿಟ್ಟು ಮಾಡಬೇಕು ಅಂತಿದ್ದೆ. ರೊಟ್ಟಿ ಬಿಸಿ ಇತ್ತು, ಆಗಲಿಲ್ಲ.

ಮಧ್ಯಾಹ್ನ ಗೌಡ್ರ ಫೋನು ಬಂತು. ಕಂಬ ರಿಪೇರಿ ಆಯಿತಂತೆ, ಗುಂಡಿ ತೋಡಿ ಅರ್ಥಿಂಗ್ ತಂತಿಯನ್ನೂ ನೆಲಕ್ಕೆ ಇಳಿಸಿದರಂತೆ.

"ಮತ್ತ ಯಾವಾಗ ಬರ್ತೀರಿ? ಬರ್ರಿ, ಏನಾಗಂಗಿಲ್ಲ."

"ಬರೋಣ ಗೌಡ್ರೇ."

"ಬರಾಗ ಒಂದ್ ಹಗ್ಗ ತರ್ರಿ. ಅರಿವಿ ಒಣಹಾಕಾಕ ಏನೂ ಇಲ್ಲದಂಗ ಆಗೈತಿ."