‘ನಮ್ಮ ಇಂಜಿನಿಯರ್’ ಅಂದ್ರೆ ಯಾರ ಇಂಜಿನಿಯರ್?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಇದನ್ನು ಬರೆದು ಕಕ್ಕದಿದ್ದರೆ ನಿದ್ದೆ ಬರುವುದಿಲ್ಲ. ಉದ್ದ ಇದೆ, ಪುರುಸೊತ್ತಿಲ್ಲದವರು ಈಗಲೇ ಮುಂದೆ ಹೋಗಿಬಿಡಿ.

ನಮ್ಮ ಓಣಿಯ ಮೇಷ್ಟ್ರು ರಿಟೈರ್ ಆದ ದುಡ್ಡಿನಲ್ಲಿ ದಾವಣಗೆರೆಯ ಶಾಮನೂರು ರಸ್ತೆ ಕಡೆ ಮನೆ ಕಟ್ಟಿಸುತ್ತಿದ್ದಾರೆ. ಥರ್ಟಿ ಫಾರ್ಟಿ ಸೈಟು. ನಾನು ಇಂಜಿನಿಯರ್ ಅಂತ “ಗುರುವಾರ ಸ್ಲ್ಯಾಬ್ ಐತಪ್ಪ, ಒಂದ್ಸಲ ಕಣ್ಣಾಡಿಸಿ ಹೋಗು” ಅಂದರು. ಸುಮ್ನೆ ಟೀ ಕುಡಿದು ಬರೋಣ ಅಂತ ಹೋದೆ.

ಏಣಿ ಹತ್ತಿ ಮೇಲೆ ಹೋದರೆ ಕಂಬಿ ಕೆಳಗೆ ಕವರ್ ಬ್ಲಾಕ್ (ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ ಸಣ್ಣ ಬಿಲ್ಲೆ) ಇಲ್ಲ. ಜಲ್ಲಿ ಚೂರು ಇಟ್ಟಿದ್ದಾರೆ. ಸ್ಲ್ಯಾಬಿಗೆ ಸಾಮಾನ್ಯವಾಗಿ 20 ಮಿ.ಮೀ. ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ಪದರ) ಬೇಕು ಅಂತ ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ ಮಾನಕವಾದ ಐಎಸ್ 456 ಹೇಳುತ್ತದೆ, 2000ದಲ್ಲಿ ಬಂದ ಆವೃತ್ತಿಯಲ್ಲೇ ಅದಿದೆ. ಇಷ್ಟು ವರ್ಷ ಆದರೂ ಜಲ್ಲಿ ಚೂರು! ಸರಿ, ಅದನ್ನೂ ನುಂಗಿಕೊಂಡೆ. ಆದರೆ ಬಾಲ್ಕನಿ ನೋಡಿದ ಮೇಲೆ ಸಿಟ್ಟು ತಡೆಯಲಿಲ್ಲ. ನಾಲ್ಕು ಅಡಿ ಹೊರಗೆ ಚಾಚಿದ ಬಾಲ್ಕನಿ, ಕೆಳಗೆ ಕಂಬ ಇಲ್ಲ. ಇಂಥದ್ದರಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿ ಇರಬೇಕು, ಯಾಕೆಂದರೆ ಜಗ್ಗಾಟ ಇರುವುದು ಅಲ್ಲಿ. ಇಲ್ಲಿ ಕಂಬಿ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗೆ ಕೊಡುವ ಆಸರೆ) ಶೀಟಿನ ಮೇಲೆ ಆರಾಮಾಗಿ ಮಲಗಿತ್ತು. ಅದನ್ನು ಎತ್ತಿ ಹಿಡಿಯುವ ಚೇರ್ ಒಂದೂ ಇಲ್ಲ. ಐದು ಇಂಚಿನ ಸ್ಲ್ಯಾಬಿನಲ್ಲಿ ಆ ಕಂಬಿ ಎರಡು ಇಂಚು ಕೆಳಗಿಳಿದರೇ ಬಲ ಸುಮಾರು ಅರ್ಧ ಹೋಗುತ್ತದೆ. ಪೂರ್ತಿ ತಳಕ್ಕೆ ಕೂತರೆ ಅದು ಇದ್ದೂ ಇಲ್ಲದ ಹಾಗೆ. ಸೆಂಟ್ರಿಂಗ್ ಬಿಚ್ಚಿದ ದಿನ ಕೆಳಗೆ ಯಾರಿರುತ್ತಾರೋ ದೇವರೇ ಬಲ್ಲ.

“ಇಲ್ಲಿ ಇಂಜಿನಿಯರ್ ಯಾರು?” ಅಂದೆ.

“ನಮ್ಮ ಇಂಜಿನಿಯರ್ ಅದಾರಲ್ರಿ ಸಾರ್, ಎಲ್ಲಾ ಚೆಕ್ ಮಾಡ್ಯಾರ” ಅಂದ ಕಾಂಟ್ರಾಕ್ಟರ್. ಹಿಂದಿನಿಂದ ಒಬ್ಬ ಹುಡುಗ ಮುಂದೆ ಬಂದ. ಎರಡು ವರ್ಷದ ಹಿಂದೆ ಪಾಸಾದವನು, ನಾನು ಓದಿದ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿನಲ್ಲೇ. ನನ್ನ ಮುಖ ನೋಡಲಿಲ್ಲ.

ಮೇಷ್ಟ್ರು ಖುಷಿಯಿಂದ ಹೇಳಿದರು, “ಪ್ಯಾಕೇಜಿನಲ್ಲೇ ಇಂಜಿನಿಯರ್ ಬರ್ತಾರಂತಪ್ಪ, ಬೇರೆ ದುಡ್ಡಿಲ್ಲ.” ಸಂತೆಯಲ್ಲಿ ತರಕಾರಿ ಜೊತೆ ಕರಿಬೇವು ಬಿಟ್ಟಿ ಕೊಟ್ಟ ಹಾಗೆ!

ನನ್ನ ಜಗಳ ಇಷ್ಟೇ. ಆ ಹುಡುಗನಿಗೆ ಸಂಬಳ ಕೊಡೋರು ಯಾರು?

ಮೊದಲು ನಮ್ಮೂರಲ್ಲಿ ಜಾಸ್ತಿ ಮನೆಗಳು ಲೇಬರ್ ಕಾಂಟ್ರಾಕ್ಟಿನಲ್ಲಿ ಆಗುತ್ತಿದ್ದವು. ಸಿಮೆಂಟು, ಕಬ್ಬಿಣ ಮಾಲೀಕನೇ ತರಿಸುತ್ತಿದ್ದ. ಮೇಸ್ತ್ರಿಗೆ ಕೂಲಿ. ಪ್ಲ್ಯಾನ್ ಬರೆದ ಇಂಜಿನಿಯರಿಗೆ ಫೀಸು ಕೊಡುತ್ತಿದ್ದವನೂ ಮಾಲೀಕನೇ, ಅದಕ್ಕೆ ಸ್ಲ್ಯಾಬಿನ ಹಿಂದಿನ ದಿನ ಆ ಇಂಜಿನಿಯರ್ ಬಂದು ಮೇಸ್ತ್ರಿಗೆ ಬೈದು ಹೋಗುತ್ತಿದ್ದ. ಈಗ ಚದರಡಿಗೆ ಇಷ್ಟು ಅಂತ ಮಾತಾಡಿದರೆ ಮುಗಿಯಿತು, ಕೀ ಕೈಗೆ. ಡ್ರಾಯಿಂಗೂ ಕಾಂಟ್ರಾಕ್ಟರನದೇ, ಡಿಸೈನೂ ಅವನದೇ, ಕಂಬಿಯೂ ಅವನದೇ, ಚೆಕಿಂಗೂ ಅವನದೇ. ಮೇಷ್ಟ್ರನ್ನು ಕೇಳಿದೆ: “ಪ್ರಶ್ನೆಪತ್ರಿಕೆ ತೆಗೆಯೋನು, ಪರೀಕ್ಷೆ ಬರೆಯೋನು, ಮಾರ್ಕ್ಸ್ ಹಾಕೋನು ಮೂರೂ ಒಬ್ಬನೇ ಆದ್ರೆ ನಿಮ್ಮ ಶಾಲೇಲಿ ಒಪ್ತಿದ್ರಾ ಸಾರ್?” ಅವರು ನಕ್ಕರು. ನನಗೆ ನಗು ಬರಲಿಲ್ಲ.

ಕೆಲಸವನ್ನು ಯಾವ ರೀತಿ ಕೊಡುತ್ತೀರಿ ಅನ್ನುವುದರ ಮೇಲೆ ಇಂಜಿನಿಯರ್ ಯಾರ ಕಡೆಯವನು ಅಂತ ನಿರ್ಧಾರ ಆಗುತ್ತದೆ. ಸರ್ಕಾರಿ ಕೆಲಸವನ್ನೇ ನೋಡಿ. ಐಟಂ ರೇಟ್ ಟೆಂಡರ್ (ಒಂದೊಂದು ಬಗೆಯ ಕೆಲಸಕ್ಕೂ ಬೇರೆ ದರ) ಆದರೆ ಇಲಾಖೆಯ ಇಂಜಿನಿಯರ್ ಅಳೆದು ಎಂ.ಬಿ., ಅಂದರೆ ಅಳತೆ ಪುಸ್ತಕ, ಬರೆದ ಮೇಲೇ ಬಿಲ್ಲು. ಅವನಿಗೂ ಕಾಂಟ್ರಾಕ್ಟರಿಗೂ ನಡುವೆ ಒಂದು ಗೆರೆ ಇದೆ, ಕಾಗದದ ಮೇಲಾದರೂ. 1999ರ ಕೆಟಿಪಿಪಿ ಕಾಯ್ದೆ (ಕರ್ನಾಟಕದ ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಯ ಕಾಯ್ದೆ) ಬಂದ ಮೇಲೆ ಟೆಂಡರಿಗೆ ಒಂದು ಶಿಸ್ತು ಬಂತು, ನಿಜ. ಆದರೆ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರದವನ ಸ್ಥಾನ, ಹಿಡಿಯಲು ಒಬ್ಬ ಎಸ್ಟಿಮೇಟಿಗಿಂತ ಕಾಲು ಭಾಗ ಕಡಿಮೆ ಹಾಕಿದರೆ, ಆ ಕಾಲು ಭಾಗ ಅವನ ಮಾವನ ಮನೆಯಿಂದ ಬರುತ್ತದಾ? ಆಗ ಜೆ.ಇ. (ಇಲಾಖೆಯ ಜೂನಿಯರ್ ಇಂಜಿನಿಯರ್) ಕೆಲಸ ಇಂಜಿನಿಯರಿಂಗ್ ಅಲ್ಲ, ಕಾವಲು. ಇನ್ನು ಅದೇ ಕಾಯ್ದೆಯ 4(ಜಿ) ವಿನಾಯಿತಿ ತಗೊಂಡು ಟೆಂಡರಿಲ್ಲದೆ ನೇರ ಸರ್ಕಾರಿ ಸಂಸ್ಥೆಗೇ ಕೆಲಸ ಕೊಟ್ಟರೆ, ಕಟ್ಟಿಸೋರೂ ಅಳೆಯೋರೂ ಒಂದೇ ಸೂರಿನಡಿ ಬಂದುಬಿಡುತ್ತಾರೆ. ಅದರ ಬಗ್ಗೆ ಇನ್ನೂ ಜಾಸ್ತಿ ಬರೆದರೆ ನಾಳೆ ನನ್ನ ಬಿಲ್ಲು ನಿಲ್ಲುತ್ತದೆ.

ಹೊರದೇಶದ ಕಾಂಟ್ರಾಕ್ಟುಗಳಲ್ಲೂ ಇದೇ ಕಥೆ. ಫಿಡಿಕ್ (ಸಲಹಾ ಇಂಜಿನಿಯರ್‌ಗಳ ಅಂತರರಾಷ್ಟ್ರೀಯ ಒಕ್ಕೂಟ) ಅನ್ನುವವರ ಮಾದರಿ ಕಾಂಟ್ರಾಕ್ಟಾದ ಕೆಂಪು ಪುಸ್ತಕದಲ್ಲಿ ‘ಇಂಜಿನಿಯರ್’ ಅಂತ ಒಂದು ಸ್ಥಾನವೇ ಇದೆ. ನೇಮಕ ಮಾಡುವವನು ಮಾಲೀಕ, ಬಿಲ್ಲಿಗೆ ಸರ್ಟಿಫಿಕೇಟ್ ಕೊಡುವವನು ಆ ಇಂಜಿನಿಯರ್. 1999ರಲ್ಲಿ ಟರ್ನ್‌ಕೀ, ಅಂದರೆ ಎಲ್ಲಾ ಮುಗಿಸಿ ಕೀ ಕೊಡುವ, ಕೆಲಸಕ್ಕೆ ಅಂತ ಬೆಳ್ಳಿ ಪುಸ್ತಕ ತಂದರಲ್ಲ, ಅದರಲ್ಲಿ ಆ ಸ್ಥಾನ ಇಲ್ಲ. ಆದರೆ ಅಲ್ಲೂ ಮಾಲೀಕ ತನ್ನ ಪ್ರತಿನಿಧಿಯನ್ನು ಇಡುತ್ತಾನೆ. ನಮ್ಮ ದೇಶದ ಹೆದ್ದಾರಿಯ ಇಪಿಸಿ (ಡಿಸೈನ್, ಸಾಮಾನು, ಕಟ್ಟುವುದು ಎಲ್ಲಾ ಒಬ್ಬನಿಗೇ) ಕೆಲಸದಲ್ಲಿ ಡಿಸೈನ್ ಪೂರ್ತಿ ಕಾಂಟ್ರಾಕ್ಟರಿಗೇ ಬಿಟ್ಟರೂ ಪ್ರಾಧಿಕಾರದ ಇಂಜಿನಿಯರ್ ಅಂತ ಬೇರೆಯವರು ಇರುತ್ತಾರೆ. ಕೋಟಿಗಟ್ಟಲೆ ರಸ್ತೆಗೇ ಇನ್ನೊಂದು ಕಣ್ಣು ಬೇಕು. ಮೇಷ್ಟ್ರ ಮನೆಗೆ ಬೇಡ್ವಾ?

ಈಗ ಒಬ್ಬರಾದರೂ ಕಾಮೆಂಟಿಗೆ ಬರುತ್ತೀರಿ, ಗೊತ್ತು. “ಒಬ್ಬನೇ ಹೊಣೆ ಆದ್ರೆ ಒಳ್ಳೇದಲ್ವಾ ಸಾರ್? ಮೊದಲು ಸೋರಿದರೆ ಮೇಸ್ತ್ರಿ ಇಂಜಿನಿಯರನ್ನು ತೋರಿಸ್ತಿದ್ದ, ಇಂಜಿನಿಯರ್ ಸಿಮೆಂಟನ್ನು ತೋರಿಸ್ತಿದ್ದ.” ಒಪ್ಪುತ್ತೇನೆ. ಹೊಣೆ ಒಬ್ಬನದೇ ಇರಲಿ, ಕಣ್ಣೂ ಅವನದೇ ಯಾಕೆ ಆಗಬೇಕು? “ಮಾಲೀಕನ ಕಡೆ ಇಂಜಿನಿಯರೇನು ಸಾಚಾನಾ, ಕಬ್ಬಿಣದ ಅಂಗಡಿ ಕಮಿಷನ್ ತಿನ್ನಲ್ವಾ?” ತಿನ್ನೋರಿದ್ದಾರೆ. ಅದರಲ್ಲಿ ಇಬ್ಬರು ಈ ಪೋಸ್ಟಿಗೆ ಲೈಕ್ ಒತ್ತುತ್ತಾರೆ, ನೋಡ್ತಾ ಇರಿ.

ನಾನೇನು ದೊಡ್ಡ ಹರಿಶ್ಚಂದ್ರ ಅಲ್ಲ. ಆಫೀಸು ಹಾಕುವ ಮೊದಲು ಆರು ವರ್ಷ ಒಬ್ಬ ಕಾಂಟ್ರಾಕ್ಟರ್ ಹತ್ತಿರ ಇದ್ದೆ, ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದ್ದು ಇದು. ಒಂದು ಹಾಸ್ಟೆಲ್ ಕಟ್ಟಡದಲ್ಲಿ ಐದು ಇಂಚಿಗೊಂದು ಕಂಬಿ ಅಂತ ಡ್ರಾಯಿಂಗ್ ಇತ್ತು. ಏಳು ಇಂಚಿಗೆ ಕಟ್ಟಿದರು. ಸಾಹುಕಾರ್, ಅಂದರೆ ಆ ಕಾಂಟ್ರಾಕ್ಟರ್, ನನ್ನ ಹೆಗಲ ಮೇಲೆ ಕೈ ಹಾಕಿ, “ಇಷ್ಟಕ್ಕೇನೂ ಆಗಲ್ಲಪ್ಪ” ಅಂದರು. ಎರಡು ತಿಂಗಳ ಸಂಬಳ ಬಾಕಿ ಇತ್ತು. ತಂಗಿ ಮದುವೆ ಗೊತ್ತಾಗಿತ್ತು. ಬಾಯಿ ಮುಚ್ಚಿಕೊಂಡು ಕಾಂಕ್ರೀಟ್ ಹಾಕಿಸಿದೆ. ಕಟ್ಟಡ ಇವತ್ತಿಗೂ ನಿಂತಿದೆ. ಆ ದಾರಿಯಲ್ಲಿ ಹೋದರೆ ಈಗಲೂ ಬೈಕು ತಾನಾಗಿ ನಿಧಾನ ಆಗುತ್ತದೆ.

ಅದಕ್ಕೇ ಆ ಹುಡುಗನ ಮೇಲೆ ಕೂಗಾಡಲು ಆಗಲಿಲ್ಲ. ಕಾಂಟ್ರಾಕ್ಟರ್ ಮೇಲೆ ಕೂಗಾಡಿದೆ. ಅವನು ಮಂಡಕ್ಕಿ ಮೆಣಸಿನಕಾಯಿ ತರಿಸಿದ. ಮುಟ್ಟಲಿಲ್ಲ. (ವಾಸನೆ ಮಾತ್ರ ಚೆನ್ನಾಗಿತ್ತು.) ಚೇರ್ ಇಟ್ಟು ಕಂಬಿ ಎತ್ತಿ ಕಟ್ಟುವವರೆಗೆ ಗುರುವಾರದ ಕಾಂಕ್ರೀಟ್ ಬೇಡ ಅಂತ ಮೇಷ್ಟ್ರಿಗೆ ಹೇಳಿ ಬಂದೆ.

ಸಂಜೆ ಏಳಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನ್. ಅದೇ ಹುಡುಗ. ಚೇರ್ ಎಷ್ಟು ಎತ್ತರ ಮಾಡಿಸಬೇಕು, ಎಷ್ಟು ದೂರಕ್ಕೊಂದು ಇಡಬೇಕು ಅಂತ ಕೇಳಿದ. ಹೇಳಿದೆ, ಬರೆದುಕೊಂಡ. ಫೋನ್ ಇಡುವ ಮೊದಲು ದನಿ ಸಣ್ಣದು ಮಾಡಿ ಅಂದ:

“ಸಾರ್, ನಾನು ಫೋನ್ ಮಾಡಿದ್ದು ನಮ್ಮ ಸಾಹುಕಾರಿಗೆ ಹೇಳಬೇಡ್ರಿ.”