ಸೊಟ್ಟಗಿರುವುದೇ ಸರಿ

ಇಂಗ್ಲೆಂಡಿನ ಚೆಷರ್ ಪ್ರಾಂತ್ಯದಲ್ಲಿ, ಕಾಂಗಲ್ಟನ್ ಎಂಬ ಊರಿನಿಂದ ಏಳು ಕಿಲೋಮೀಟರ್ ದೂರದಲ್ಲಿ, ಲಿಟಲ್ ಮೋರ್ಟನ್ ಹಾಲ್ ಇದೆ. ಸುತ್ತ ಹತ್ತು ಮೀಟರ್ ಅಗಲದ ಕಂದಕ, ನಡುವೆ ಕಪ್ಪು ಬಿಳುಪು ಪಟ್ಟೆಯ ಮರದ ಮನೆ. ಇಡೀ ಮನೆಯಲ್ಲಿ ಒಂದು ಗೆರೆಯೂ ನೆಟ್ಟಗಿಲ್ಲ. ಗೋಡೆ ಹೊಟ್ಟೆ ಬಿಟ್ಟಿದೆ, ಕಿಟಕಿಯ ಸಾಲು ಏಳುತ್ತ ಬೀಳುತ್ತ ಸಾಗಿದೆ. ರಸಮಟ್ಟ ಹಿಡಿದು ಬಂದ ಮೇಸ್ತ್ರಿ ಅದನ್ನು ಕಂದಕಕ್ಕೆ ಎಸೆದು ವಾಪಸು ಹೋದಾನು. 1504ರ ಆಸುಪಾಸಿನಲ್ಲಿ ಶುರುವಾಗಿ, ಸುಮಾರು 1610ರ ತನಕ ಕಂತು ಕಂತಾಗಿ ಎದ್ದ ಕಟ್ಟಡ ಇದು.

ಸೊಟ್ಟಕ್ಕೆ ಕಾರಣ ಎರಡು: ಒಂದು ದೊಡ್ಡಸ್ತಿಕೆ, ಇನ್ನೊಂದು ಜಾಣತನ.

ದೊಡ್ಡಸ್ತಿಕೆಯ ಮಾತು ಮೊದಲು. ಮಳೆ ಹಿಡಿದ ದಿನ ಒಳಗೇ ಅಡ್ಡಾಡಲು ಉದ್ದನೆಯ ಪಡಸಾಲೆ ಇರಬೇಕೆಂಬ ಗೀಳು ಆಗ ಅಲ್ಲಿನ ಸಿರಿವಂತರಿಗೆ ಹತ್ತಿತ್ತು. ಮೋರ್ಟನ್ ಮನೆತನದವರು 1560ರ ಸುಮಾರಿಗೆ ದಕ್ಷಿಣದ ಸಾಲಿನ ನೆತ್ತಿಯ ಮೇಲೆ 21 ಮೀಟರ್ ಉದ್ದದ ಪಡಸಾಲೆಯನ್ನು ಏರಿಸಿದರು. ಮೊದಲ ಲೆಕ್ಕದಲ್ಲಿ ಅದು ಇದ್ದಂತೆ ಕಾಣುವುದಿಲ್ಲ. ಮಾಡಿಗೆ ಹೊದಿಸಿದ್ದೂ ಹೆಂಚಲ್ಲ, ಒರಟು ಮರಳುಗಲ್ಲಿನ ಚಪ್ಪಡಿ. ಆ ಭಾರಕ್ಕೆ ಕೆಳಗಿನ ಅಂತಸ್ತುಗಳು ಹೊರಕ್ಕೆ ಉಬ್ಬಿದವು. ಪಡಸಾಲೆಯ ಎರಡು ತುದಿಗಳಲ್ಲಿ ಗಾರೆಯ ಚಿತ್ರಗಳಿವೆ: ಒಂದು ಕಡೆ ಅದೃಷ್ಟದೇವಿ, ಅವಳ ಚಕ್ರವನ್ನು ಆಳುವುದು ಅಜ್ಞಾನ; ಇನ್ನೊಂದು ಕಡೆ ವಿಧಿ, ಅದರ ಭರ್ಜಿಯನ್ನು ಆಳುವುದು ಜ್ಞಾನ. ಕಟ್ಟಿಸಿದವರು ಯಾವ ತುದಿಯಲ್ಲಿ ನಿಂತು ಯೋಚಿಸಿದ್ದರೋ, ಕೆಳಗಿನ ತೊಲೆಗಳನ್ನು ಕೇಳಬೇಕು.

ಜಾಣತನದ ಕಥೆ ಬೇರೆ. ಆಗಿನ ಬಡಗಿಗಳು ಓಕ್ ಮರವನ್ನು ಹಸಿಯಿರುವಾಗಲೇ ಕೆತ್ತುತ್ತಿದ್ದರು. ಒಣಗಿದ ಓಕ್ ಉಳಿಯ ಬಾಯಿಯನ್ನೇ ಮುಕ್ಕು ಮಾಡುತ್ತದೆ. ಅಂಗುಲ ದಪ್ಪ ಒಣಗಲು ಒಂದು ವರ್ಷ ಎಂಬುದು ರೂಢಿಯ ಲೆಕ್ಕ. ಹತ್ತಂಗುಲದ ಕಂಬಕ್ಕೆ ಹತ್ತು ವರ್ಷ ಕಾಯುವವರು ಯಾರು? ಚೌಕಟ್ಟನ್ನು ಮೊದಲು ಬಡಗಿಯ ಅಂಗಳದಲ್ಲಿ ನೆಲದ ಮೇಲೆ ಮಲಗಿಸಿ, ಒಂದೊಂದು ಕೀಲನ್ನೂ ಅದರ ಜೋಡಿಗೆ ಹೊಂದಿಸಿ ಕೆತ್ತಿ, ರೋಮನ್ ಅಂಕಿಗಳ ಗುರುತು ಹಾಕಿ, ಬಿಚ್ಚಿ ಗಾಡಿಗೆ ಹೇರುತ್ತಿದ್ದರು. ಈ ಗುರುತುಗಳು ಹಳೆಯ ಮರದ ಮನೆಗಳಲ್ಲಿ ಇಂದಿಗೂ ಕಾಣಸಿಗುತ್ತವೆ.

ಕೀಲನ್ನು ಹತ್ತಿರದಿಂದ ನೋಡಬೇಕು. ಒಂದು ಮರದಲ್ಲಿ ಕುಳಿ, ಇನ್ನೊಂದರ ತುದಿಯಲ್ಲಿ ಅದರೊಳಗೆ ಕೂರುವ ನಾಲಿಗೆ. ಎರಡನ್ನೂ ಸೇರಿಸಿ ಗೂಟ ಹೊಡೆಯಲು ತೂತು ಬೇಕಲ್ಲ, ಆ ತೂತುಗಳನ್ನು ಬೇಕೆಂತಲೇ ತಪ್ಪಿಸಿ ಕೊರೆಯುತ್ತಾರೆ. ನಾಲಿಗೆಯ ತೂತು ಎರಡು ಮೂರು ಮಿಲಿಮೀಟರ್‌ನಷ್ಟು ಬುಡದ ಕಡೆಗಿರುತ್ತದೆ. ಚೂಪು ಮಾಡಿದ ಓಕ್ ಗೂಟವನ್ನು ಬಡಿದಾಗ ಅದು ಬಾಗಿ ದಾರಿ ಮಾಡಿಕೊಂಡು, ನಾಲಿಗೆಯನ್ನು ಕುಳಿಯೊಳಕ್ಕೆ ಎಳೆದು ಬಿಗಿಯುತ್ತದೆ. ಮೊಳೆ ಇಲ್ಲ, ಅಂಟು ಇಲ್ಲ. ಗೂಟಕ್ಕೆ ಗರಗಸ ತಾಗಿಸದೆ ಎಳೆಯ ಜಾಡಿನಲ್ಲೇ ಸೀಳಿರಬೇಕು. ಎಳೆ ಕತ್ತರಿಸಿದ ಗೂಟ ಬಾಗುವ ಬದಲು ಮುರಿಯುತ್ತದೆ. ಮುಂದೆ ಮರ ಒಣಗುತ್ತ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದಿಲ್ಲ ಎಂದರೂ ನಡೆದೀತು. ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಸುಮಾರು ಇಮ್ಮಡಿ. ಹಾಗಾಗಿ ಕಂಬ ತಿರುಚುತ್ತದೆ, ತೊಲೆ ಸೀಳು ಬಿಡುತ್ತದೆ, ಕೀಲು ಮಾತ್ರ ಜಗ್ಗದು.

ತೊಲೆಗಳ ನಡುವಿನ ಜಾಗಕ್ಕೆ ತಡಿಕೆ. ಓಕ್ ಕಡ್ಡಿಗಳನ್ನು ಮೇಲೆ ತೂತಿಗೆ, ಕೆಳಗೆ ಉದ್ದಕ್ಕೆ ತೋಡಿದ ಸೀಳಿಗೆ ಸಿಕ್ಕಿಸಿ, ಹೇಜಲ್ ಎಂಬ ಪೊದೆಯ ತೆಳು ರೆಂಬೆ ಹೆಣೆದು, ಜೇಡಿಮಣ್ಣು, ಸಗಣಿ, ಕತ್ತರಿಸಿದ ಹುಲ್ಲು ಕಲಸಿ ಎರಡೂ ಮಗ್ಗುಲಿನಿಂದ ಒಟ್ಟಿಗೆ ಮೆತ್ತುವುದು. ಒಂದೇ ಮಗ್ಗುಲಿನಿಂದ ಮೆತ್ತಿದರೆ ಇನ್ನೊಂದರ ಹಿಡಿತ ಸಿಗದೆ ಕಳಚುತ್ತದೆ. ಮೇಲೆ ಹಾಲಿನಷ್ಟು ತೆಳುವಾದ ಸುಣ್ಣ, ನಾಲ್ಕೈದು ಸಲ, ಪ್ರತಿ ಸಲವೂ ಗೋಡೆ ತೇವ ಮಾಡಿಕೊಂಡು.

ಇಂಥ ಮನೆ ಕೆಡುವುದು ಅಕ್ಕರೆಯಿಂದ. ಯಾರೋ ಪುಣ್ಯಾತ್ಮರು ಮಣ್ಣಿನ ಗೋಡೆ ಅಂದವಿಲ್ಲವೆಂದು ಸಿಮೆಂಟು ಬಳಿಸುತ್ತಾರೆ. ಮರ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ, ಸಿಮೆಂಟು ಇರುವುದಿಲ್ಲ. ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಅದರಲ್ಲಿ ಮಳೆನೀರು ಒಳಗೆ ಹೋಗುತ್ತದೆ, ಆರಿ ಹೊರಬರಲು ದಾರಿಯಿಲ್ಲ. ಕಲ್ಲಿನ ಅಡಿಪಾಯದ ಮೇಲೆ ಅಡ್ಡ ಮಲಗಿದ ಬುಡದ ತೊಲೆ ಮೊದಲು ಮೆದುವಾಗುತ್ತದೆ, ಆಮೇಲೆ ಬೂಷ್ಟು, ಅದರ ಬೆನ್ನಿಗೇ ಮರ ಕೊರೆಯುವ ಜೀರುಂಡೆ. ಅದರ ಮರಿ ವರ್ಷಗಟ್ಟಲೆ ಒಳಗೆ ತಿಂದು, ಕೊನೆಗೆ ವಸಂತದಲ್ಲಿ ಮೂರು ಮಿಲಿಮೀಟರಿನ ತೂತು ಕೊರೆದು ಹೊರಬರುತ್ತದೆ. ಔಷಧ ಹೊಡೆಯುವುದಕ್ಕಿಂತ ಮೊದಲು ನೀರಿನ ದಾರಿ ಕಟ್ಟಬೇಕು. ಒಣ ಓಕ್ ಆ ಹುಳುವಿಗೆ ರುಚಿಸದು.

ಕಪ್ಪು ಬಿಳುಪು ಬಣ್ಣವೂ ಹಳತಲ್ಲ, ವಿಕ್ಟೋರಿಯಾ ಕಾಲದ ಶೋಕಿ. ಮೊದಲು ಓಕ್ ಬರಿಮೈಯಲ್ಲಿದ್ದು ಬಿಸಿಲು ಮಳೆಗೆ ಬೆಳ್ಳಿ ಬಣ್ಣಕ್ಕೆ ತಿರುಗಿತ್ತು, ಗೋಡೆಗೆ ಕಾವಿಹಳದಿ ಇತ್ತು.

ಮನೆ ಉಳಿದದ್ದಕ್ಕೆ ಬಡತನಕ್ಕೂ ಒಂದು ನಮಸ್ಕಾರ ಸಲ್ಲಬೇಕು. 1640ರ ದಶಕದಲ್ಲಿ ರಾಜನಿಗೂ ಸಂಸತ್ತಿಗೂ ನಡೆದ ಅಂತರ್ಯುದ್ಧದಲ್ಲಿ ರಾಜನ ಪಕ್ಷ ಹಿಡಿದ ಮೋರ್ಟನ್ನರ ಕೈ ಬರಿದಾಯಿತು, ಮನೆ ರೈತರಿಗೆ ಬಾಡಿಗೆಗೆ ಹೋಯಿತು. ದುಡ್ಡಿದ್ದಿದ್ದರೆ ಹೊಸ ಫ್ಯಾಷನ್ನಿಗೆ ತಕ್ಕಂತೆ ಕೆಡವಿ ಇಟ್ಟಿಗೆಯಲ್ಲಿ ಕಟ್ಟುತ್ತಿದ್ದರೇನೋ. 1938ರಿಂದ ಅದು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಯಲ್ಲಿದೆ. ಸಂರಕ್ಷಿತ ಕಟ್ಟಡಗಳಲ್ಲಿ ಮೊದಲ ದರ್ಜೆ. ಈ ಪಟ್ಟಿಯಲ್ಲಿರುವ ಮನೆಯ ರೂಪ ಬದಲಾಗುವಂಥ ಕೆಲಸವನ್ನು ಅಪ್ಪಣೆಯಿಲ್ಲದೆ ಮಾಡಿದರೆ ಅದು ಅಪರಾಧ, ಜೈಲೂ ಆಗಬಹುದು.

ಬುಡ ಕೊಳೆತ ಕಂಬವನ್ನು ಇಡಿಯಾಗಿ ಕಿತ್ತುಹಾಕಬಾರದು. ಕೊಳೆತದ್ದನ್ನಷ್ಟೇ ಕತ್ತರಿಸಿ, ಓರೆಯಾಗಿ ಕೆತ್ತಿದ ಹೊಸ ಓಕ್ ತುಂಡನ್ನು ಕಚ್ಚಿಸಿ ಗೂಟ ಬಡಿಯಬೇಕು. ಬೋಲ್ಟು ಅನಿವಾರ್ಯವಾದರೆ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಓಕ್‌ನ ಒಗರು ಬರಿ ಕಬ್ಬಿಣವನ್ನು ತಿಂದು, ಮರಕ್ಕೂ ನೀಲಿಗಪ್ಪು ಕಲೆ ಹತ್ತಿಸುತ್ತದೆ.

ಜಾಕ್ ಕೊಟ್ಟು ಎಲ್ಲವನ್ನೂ ನೆಟ್ಟಗೆ ಮಾಡಿಬಿಡೋಣ ಎನ್ನುವವರು ಕಿಟಕಿಗಳನ್ನು ನೋಡಲಿ. ಅಂಗಳದ ಕಿಟಕಿಗಳ ಮೇಲೆ 1559ರಲ್ಲಿ ಯಜಮಾನ ವಿಲಿಯಂ ಮೋರ್ಟನ್ ತನ್ನ ಹೆಸರು ಕೆತ್ತಿಸಿದ, ಬಡಗಿ ರಿಚರ್ಡ್ ಡೇಲ್ ತನ್ನದನ್ನೂ ಕೆತ್ತಿಕೊಂಡ. ಮನೆಯ ಕಿಟಕಿಗಳಲ್ಲಿ ಒಟ್ಟು 30,004 ಸಣ್ಣ ಗಾಜಿನ ತುಂಡುಗಳಿವೆ ಎಂಬ ಲೆಕ್ಕವಿದೆ. ಅವನ್ನು ಹಿಡಿದಿರುವುದು ಸೀಸದ ಪಟ್ಟಿ. ಸೀಸ ಮೆದು, ಚೌಕಟ್ಟು ವಾಲಿದಂತೆ ತಾನೂ ನಿಧಾನಕ್ಕೆ ವಾಲಿಕೊಂಡಿದೆ. ಗೋಡೆಯನ್ನು ಈಗ ದಿಢೀರನೆ ನೇರ ಮಾಡಿದರೆ ಸೀಸ ಅಷ್ಟು ಬೇಗ ಬಗ್ಗದು, ಗಾಜು ಒಡೆಯುತ್ತದೆ. ತಿರುಚಿಕೊಂಡೇ ಗಟ್ಟಿಯಾದ ಕಂಬಗಳ ಕೀಲುಗಳೂ ಬಾಯಿ ಬಿಡುತ್ತವೆ. ಬಲ್ಲವರು ಗೋಡೆಯನ್ನು ಇದ್ದಲ್ಲೇ ನಿಲ್ಲಿಸಿ, ಮತ್ತೆ ಜರುಗದಷ್ಟು ಆಧಾರ ಕೊಟ್ಟು ಬಿಡುತ್ತಾರೆ.